ಏಳನೆಯ ಚಿತ್ರದ ಬಿಳಿ ಗೆರೆ

"ನನ್ನ ಮಗಳನ್ನ ಪ್ರೆಸ್ಸಿನಾಗ ಕೂಡಿ ಹಾಕ್ಯಾರ್ರಿ, ಟೀಚರಮ್ಮಾರ. ಸಹಿ ಮಾಡೂತನಕ ಬಿಡಂಗಿಲ್ಲಂತ!"

ಪಕ್ಕೀರಮ್ಮ ಬಾಗಿಲಲ್ಲೇ ಕುಸಿದು ಕುಳಿತಾಗ ನಿವೃತ್ತ ಮುಖ್ಯೋಪಾಧ್ಯಾಯಿನಿ ತಿಪ್ಪೇರುದ್ರಮ್ಮ ಚಹಾದ ಲೋಟ ಕೆಳಗಿಟ್ಟರು. ಕೂಡ್ಲಿಗಿಯ ಬಗೆಹರಿಯದ ತೊಡಕುಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವ ಕೆಲಸ ಪತ್ರಿಕಾ ವರದಿಗಾರ ಅರುಣಕುಮಾರನದು. 1998ರ ಆ ಬೆಳಿಗ್ಗೆಯೂ ಅವನೇ ಕರೆದೊಯ್ದ; ಪಕ್ಕೀರಮ್ಮ ಹಿಂದೆಯೇ ನಡೆದು ಬಂದಳು.

ಮುದ್ರಣಾಲಯದ ಹಿಂದಿನ ಕೋಣೆಗೆ ಒಂದೇ ಬಾಗಿಲು. ಕಿಟಕಿಗೆ ಕಾಗದದ ಬಂಡಲುಗಳು ಅಡ್ಡ. ಒಳಗೆಲ್ಲ ಮಸಿಯ ವಾಸನೆ. ಮೂಲೆಯಲ್ಲಿ ಪಕ್ಕೀರಮ್ಮನ ಮಗಳು ಕೋಮಲಾ ಕುಳಿತಿದ್ದಳು. ಮಾಲೀಕ ಗಾದೆಪ್ಪ ಹಳೆಯ ಕಾದಂಬರಿಯೊಂದನ್ನು ಮರುಮುದ್ರಿಸುತ್ತಿದ್ದ. ಗಂಡನ ಮನೆಯಲ್ಲಿ ಬಂಧಿಯಾದ ಹೆಣ್ಣಿನ ಆ ಕತೆಗೆ ಕೋಮಲಾ ರಬ್ಬರಿನಂಥ ದಪ್ಪ ಲಿನೋ ಹಾಳೆ ಕೆತ್ತಿ ಹನ್ನೆರಡು ಚಿತ್ರ ಮಾಡಿದ್ದಳು. ಕೆತ್ತಿ ತೆಗೆದದ್ದು ಅಚ್ಚಿನಲ್ಲಿ ಬಿಳಿ, ಉಳಿದದ್ದು ಕಪ್ಪು.

"ಎಲ್ಲಾ ನನ್ನವು ನೋಡ್ರಿ," ಎಂದ ಪ್ರೆಸ್ಸಿನ ಕೆಲಸಗಾರ ಗಂಗಾಧರ, ಅವೇ ಹನ್ನೆರಡು ಚಿತ್ರಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದ ಪುಸ್ತಕ ಚಾಚಿ. ಪ್ರತಿ ಪುಟದಲ್ಲೂ 1996ರ ತಾರೀಖು.

"ಕದ್ದೀನಿ ಅಂತ ಬರಕೊಟ್ಟು ಹೋಗವಾ," ಎಂದ ಗಾದೆಪ್ಪ.

"ಬರಕೊಟ್ರ ಡ್ರಾಯಿಂಗ್ ಟೀಚರ್ ಕೆಲಸ ಹೋಗ್ತೈತ್ರಿ. ನಾಳೆ ಒಬ್ರನ್ನ ಕಾಯಂ ಮಾಡ್ತಾರ. ಅರ್ಜಿ ಹಾಕಿದವ್ರು ಇಬ್ರ, ನಾನು, ಈ ಗಂಗಾಧರ," ಎಂದಳು ಕೋಮಲಾ.

ತಿಪ್ಪೇರುದ್ರಮ್ಮ ಕೋಮಲಾಳ ಏಳನೆಯ ಅಚ್ಚುಚಿತ್ರದ ಮೇಲೆ ಬೆರಳಿಟ್ಟರು. ಕೆಳಗೆ 'ಅಮಾವಾಸ್ಯೆಯ ರಾತ್ರಿ' ಎಂದಿತ್ತು. ನೆಲದಲ್ಲಿ ದೀಪ, ಗೋಡೆಯಲ್ಲಿ ಹೆಣ್ಣಿನ ನೆರಳು. ಕಿಟಕಿಯ ಸರಳಿನಿಂದ ಅವಳ ಕೆನ್ನೆಗೆ ಒಂದು ಬಿಳಿ ಗೆರೆ. ಪೆನ್ಸಿಲ್ ಚಿತ್ರದಲ್ಲೂ ಅದೇ ಗೆರೆ.

"ಈ ಗೆರಿ ಏನಪಾ, ಗಂಗಾಧರ?"

"ಬೆಳದಿಂಗಳ್ರಿ. ಹೆಣ್ಣಿನ ಆಸೆ ಅಂತ ತೋರಿಸೀನಿ."

"ಚಲೋ ಹೇಳ್ದಿ." ಅವರು ಕೋಮಲಾಳತ್ತ ತಿರುಗಿದರು. "ಕೆತ್ತಿದ ಹಾಳಿ ತೋರ್ಸವಾ. ಮೊದಲ ಸಲ ಕಾಗದಕ್ಕ ಒತ್ತಿ ನೋಡಿದ ಪ್ರೂಫ್ ಎಲ್ಲಿ?"

ಅವಳು ತಲೆ ತಗ್ಗಿಸಿದಳು. "ಹಾಳಿ ಇಲ್ಲೇ ಐತ್ರಿ. ಪ್ರೂಫ್ ಮನಿ ಟ್ರಂಕಿನಾಗ ಐತ್ರಿ."

ಅರುಣ ಹೋಗಿ ಪ್ರೂಫ್ ತಂದ. ಎಲ್ಲರೂ ಮೇಜಿನ ಸುತ್ತ ನಿಂತರು.

"ಕೆತ್ತಿದ ಹಾಳ್ಯಾಗ ಆ ಗೆರಿ ನೋಡ್ರಿ," ಎಂದರು ತಿಪ್ಪೇರುದ್ರಮ್ಮ. "ಉಳಿದವಕ್ಕಿಂತ ಆಳ, ಚೌಕಟ್ಟು ದಾಟಿ ಅಂಚಿನತನಕ ಓಡೇತಿ. ಇದು ಉಳಿ ಜಾರಿದ ಗಾಯ. ಹೌದಿಲ್ಲವಾ?"

"ಹೌದ್ರಿ. ಹೋದ ವರ್ಷ ಕಡೀಗೆ ತಿದ್ದೂವಾಗ ಜಾರ್ತು. ನಾಚ್ಕಿಯಾಗಿ ಯಾರಿಗೂ ಹೇಳಿಲ್ಲ," ಎಂದು ಕೋಮಲಾ ಹೆಬ್ಬೆರಳಿನ ಗಾಯ ತೋರಿಸಿದಳು.

"ಈ ಪ್ರೂಫಿನಾಗ ಚಿತ್ರ ಪೂರ್ತಿ ಐತಿ, ಗೆರಿ ಇಲ್ಲ. ಕೆತ್ತಿದ್ದು ಮತ್ತ ತುಂಬಂಗಿಲ್ಲ. ಅಂದಮ್ಯಾಲ ಪ್ರೂಫ್ ಮೊದಲು, ಗೆರಿ ಆಮ್ಯಾಲ. ಕೋಮಲಾನ ಕೈ ಜಾರಿದ್ದು ಹೋದ ವರ್ಷ. ಗಂಗಾಧರ ಎರಡು ವರ್ಷದ ಹಿಂದ ಆ ತಪ್ಪು ಹೆಂಗ ಬರದ? ಪ್ರೆಸ್ಸಿನಾಗ ಅಚ್ಚು ಹಾಕಿದ್ದು ನೋಡಿ ಈಗ ನಕಲು ಮಾಡಿ, ಹಳೇ ತಾರೀಖು ಹಾಕ್ಯಾನ. ಅಮಾಸಿಗೆ ಬೆಳದಿಂಗಳೂ ಬರಿಸ್ಯಾನ!"

ಗಂಗಾಧರ ಪುಸ್ತಕ ಮುಚ್ಚಿದ. "ನೌಕರಿ ಬೇಕಾಗಿತ್ರಿ," ಎಂದ.

ಗಾದೆಪ್ಪ ಬಾಗಿಲು ಪೂರ್ತಿ ತೆರೆದ. "ತಪ್ಪಾತವಾ. ಮನಿಗೆ ಹೋಗು."

ಪಕ್ಕೀರಮ್ಮ ಮಗಳ ಕೈ ಹಿಡಿದೆಳೆದಳು. ಕೋಮಲಾ ಏಳಲಿಲ್ಲ.

"ಮೊದಲು ಪುಸ್ತಕದ ಮುಖಪುಟಕ್ಕ ನನ್ನ ಹೆಸರು ಜೋಡಿಸ್ರಿ. ಕೂತು ನೋಡ್ತೀನಿ."

ಗಾದೆಪ್ಪ ಅಂಗಿಯ ತೋಳು ಮಡಚಿ, ಅಚ್ಚುಮೊಳೆಗಳ ಪೆಟ್ಟಿಗೆ ಎಳೆದ.