ಡಬ್ ಆಗದ ಸ್ವರ

2024ರ ನವೆಂಬರ್ 11, ಸೋಮವಾರ ಬೆಳಗ್ಗೆ ಹಲ್ಲಿನ ಡಾಕ್ಟರ್ ಶ್ರೀಶ ಪುತ್ತೂರಿನ ಠಾಣೆಗೆ ಬಂದರು. ಓದಿದವರು ಠಾಣೆಗೆ ಬಂದರೆ ಮೊದಲು ಕುರ್ಚಿ ಹುಡುಕುತ್ತಾರೆ. ಇವರು ನಿಂತೇ ಮಾತು ಶುರು ಮಾಡಿದರು.

"ಮೇಡಂ, ಡಿಸ್ಕ್ ಕಳವಾಗಿದೆ. ಬ್ಲೂ-ರೇ, ಒಂದು ಹಳೆ ಸಿನಿಮಾದ್ದು."

ಸಬ್ ಇನ್‌ಸ್ಪೆಕ್ಟರ್ ಇರ್ಫಾನಾ ತಲೆ ಎತ್ತಿದರು. "ಅಂಗಡಿಯಲ್ಲಿ ಇನ್ನೊಂದು ಸಿಗುದಿಲ್ವಾ?"

"ಅದೇ ಕಷ್ಟ. ಅದು ಇನ್ನೂ ಅಂಗಡಿಗೆ ಬರ್ಲೇ ಇಲ್ಲ. ತಪ್ಪು ಉಂಟಾ ನೋಡಿ ಈ ಶುಕ್ರವಾರದೊಳಗೆ ಹೇಳಿ ಅಂತ ಜರ್ಮನಿಯ ಕಂಪನಿ ನನಗೆ ಕಳಿಸಿದ್ದು. ಅದರೊಳಗೆ ನನ್ನ ಹೆಸರಿನ ಗುರುತು ಉಂಟು. ಯಾರಾದ್ರೂ ಇಂಟರ್ನೆಟ್ಟಿಗೆ ಹಾಕಿದ್ರೆ ನಾನೇ ಹಾಕಿದ್ದು ಅಂತ ಆಗ್ತದೆ. ಹದಿನೈದು ವರ್ಷದ ಹೆಸರು ಮೇಡಂ, ಹೋಯ್ತು ಅಂತ ಲೆಕ್ಕ."

ಬಿಎನ್‌ಎಸ್ ಕಲಂ 305ರಡಿ, ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಇರ್ಫಾನಾ ಹೆಡ್ ಕಾನ್‌ಸ್ಟೇಬಲ್ ದೇರಣ್ಣರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು.

ಡಾಕ್ಟರ ಮನೆಯ ಕೆಳಗೆ ಕ್ಲಿನಿಕ್ಕು, ಮೇಲೆ ಸಿನಿಮಾ ಕೋಣೆ. ಕೋಣೆಯ ಬಾಗಿಲು ತೆರೆದಾಗ ದೇರಣ್ಣ ಒಂದು ಹೆಜ್ಜೆ ಹಿಂದೆ ಸರಿದರು. ಗೋಡೆ ತುಂಬ ಡಿಸ್ಕುಗಳು. ಹೊದಿಕೆಗಳ ಮೇಲೆಲ್ಲ ಕೋರೆಹಲ್ಲು, ನೆತ್ತರು, ಹರಿದ ರವಿಕೆ, ಒದ್ದೆ ಸೀರೆ. ಪಂಚರಾಗಿ ಬಂದಿದ್ದ ಪಕ್ಕದ ಅಂಗಡಿಯ ಮೂಸಕುಂಞಿ ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡರು.

"ಡಾಕ್ಟ್ರೆ, ಇದನ್ನೆಲ್ಲ ನೋಡಿಯಾ ನೀವು ನಮ್ಮ ಹಲ್ಲು ಕೀಳುದು?"

ಶ್ರೀಶ ನಗಲಿಲ್ಲ. ಎಕ್ಸ್‌ಪ್ಲಾಯ್ಟೇಶನ್ ಸಿನಿಮಾ ಎಂದರೆ ಹೀಗೇ ಎಂದು ಪಾಠದ ಧಾಟಿಯಲ್ಲಿ ವಿವರಿಸತೊಡಗಿದರು. ಕಡಿಮೆ ಖರ್ಚಿನಲ್ಲಿ ಮೈ ಮತ್ತು ನೆತ್ತರು ತೋರಿಸಿ ದುಡ್ಡು ಮಾಡಲು ತೆಗೆದ ಚಿತ್ರಗಳು. ಆಗ ಮರ್ಯಾದಸ್ಥರು ಮುಖ ತಿರುಗಿಸಿದರು, ಈಗ ಅವಕ್ಕೆ ಲೋಕವಿಡೀ ಭಕ್ತರಿದ್ದಾರೆ. ಕಳವಾದದ್ದು 1988ರಲ್ಲಿ ಕಡಬದ ಕಡೆಯ ಕಾಡಿನಲ್ಲಿ ತೆಗೆದ ಒಂದು ಪಿಶಾಚಿ ಚಿತ್ರ. ನಾಲ್ಕು ಭಾಷೆಗೆ ಡಬ್ ಆಗಿ ಓಡಿತ್ತು. ಅದಕ್ಕೆ ಸಬ್‌ಟೈಟಲ್ ಬರೆಯುವ ಕೆಲಸ ಶ್ರೀಶರದ್ದು.

"ಇಷ್ಟು ಹೊದಿಕೆ ಇರುವಾಗ ಕಳ್ಳ ಅದೊಂದನ್ನೇ ತೆಗೆದದ್ದು ಹೇಗೆ?" ಇರ್ಫಾನಾ ಕೇಳಿದರು.

"ಅದಕ್ಕೆ ಹೊದಿಕೆಯೇ ಇಲ್ಲ. ಬರೇ ಬಿಳಿ ಡಿಸ್ಕ್. ಪ್ಲೇಯರಿನ ಮೇಲೆ ಇತ್ತು."

ಅಲ್ಲಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಕಳ್ಳನಿಗೆ ಬೇಕಾದದ್ದು ಏನೆಂದು ಮೊದಲೇ ಗೊತ್ತಿತ್ತು.

ಡಿಸ್ಕನ್ನು ಶ್ರೀಶ ಕೊನೆಗೆ ನೋಡಿದ್ದು ಶುಕ್ರವಾರ ರಾತ್ರಿ, ಇಲ್ಲವೆಂದು ಗೊತ್ತಾದದ್ದು ಭಾನುವಾರ ಸಂಜೆ. ಬೀಗ ಮುರಿದಿಲ್ಲ, ಕಿಟಕಿ ಮೀಟಿಲ್ಲ. ಕೆಳಗಿನ ಶೌಚಾಲಯ ರಿಪೇರಿಯಲ್ಲಿದ್ದುದರಿಂದ ಆ ವಾರ ರೋಗಿಗಳನ್ನು ಮೇಲಿನದಕ್ಕೆ ಕಳುಹಿಸುತ್ತಿದ್ದರು. ಸಿನಿಮಾ ಕೋಣೆ ಅದರ ಎದುರಿಗೇ, ಹಗಲಿಗೆ ಬೀಗ ಹಾಕುತ್ತಿರಲಿಲ್ಲ. ಅಂದರೆ ಶನಿವಾರ ಬಂದ ರೋಗಿಗಳಲ್ಲೇ ಯಾರೋ ಇರಬೇಕು.

ಕ್ಲಿನಿಕ್ಕಿನ ಮುಂದಿನ ಮೇಜು ನೋಡಿಕೊಳ್ಳುವವರು ಡಾಕ್ಟರ ಹೆಂಡತಿ ತನ್ಮಯೀ. ಬಾಗಿಲ ಮೇಲಿನ ಕ್ಯಾಮೆರಾದ ದೃಶ್ಯಗಳನ್ನು ತೋರಿಸುತ್ತ ಒಬ್ಬೊಬ್ಬರನ್ನೇ ಗುರುತಿಸಿದರು. ಹೆಚ್ಚಿನವರು ಹಳೆ ರೋಗಿಗಳು. ಶಾಲು ಹೊದ್ದು ಕೆನ್ನೆ ಹಿಡಿದುಕೊಂಡ ಒಬ್ಬ ಹೆಂಗಸಿನ ಹತ್ತಿರ ಮಾತ್ರ ತಡವರಿಸಿದರು.

"ಇವರು ಹೊಸಬರು. ಹೆಸರು ಕೇಳಿದ್ರೆ ತಲೆ ಅಲ್ಲಾಡಿಸಿದ್ರು. ಪಾಪ, ನೋವಿನಲ್ಲಿ ಎಂತ ಕೇಳುದು ಅಂತ ಬಿಟ್ಟೆ."

"ಸ್ವಲ್ಪವೂ ಮಾತಾಡ್ಲಿಲ್ವಾ?"

"ಒಂದಕ್ಷರವೂ ಇಲ್ಲ. ಹಲ್ಲು ಕಿತ್ತ ಮೇಲೆ ಹತ್ತಿ ಕಚ್ಚಿಕೊಂಡು ಅರ್ಧ ಗಂಟೆ ಕೂತಿದ್ರು. ನಡುವೆ ಮೇಲೆ ಹೋಗಿ ಬಂದ್ರು."

ಶ್ರೀಶ ನೆನಪಿಸಿಕೊಂಡರು. "ಹೌದು. ಆ ಹಲ್ಲು ಕೀಳ್ಬೇಕೂಂತ ಇರ್ಲಿಲ್ಲ. ಸಿಮೆಂಟ್ ಹಾಕಿದ್ರೆ ಸಾಕಿತ್ತು, ಹೇಳಿದೆ. ಅವರು ಕೀಳಿ ಅಂತ ಕೈಸನ್ನೆ ಮಾಡಿದ್ರು. ಮೂಗಿ ಅಂತ ಎಣಿಸಿದೆ. ಆದ್ರೆ ಸೂಜಿ ಚುಚ್ಚುವಾಗ ಮೂಗರೂ ಸ್ವರ ಹೊರಡಿಸ್ತಾರೆ. ಇವರು ತುಟಿ ಬಿಗಿ ಹಿಡಿದಿದ್ರು."

ಇರ್ಫಾನಾ ಅದನ್ನು ಬರೆದುಕೊಂಡರು, ಮನಸ್ಸಿಗೆ ಮಾತ್ರ ಸಮಾಧಾನ ಬರಲಿಲ್ಲ. ಉಳಿಸಬಹುದಾದ ಹಲ್ಲು ಕೀಳಿಸಿಕೊಂಡು ಕದಿಯುವಂಥದ್ದು ಒಂದು ಪಿಶಾಚಿ ಚಿತ್ರದಲ್ಲಿ ಏನಿರಬಹುದು?

"ಡಾಕ್ಟ್ರೆ, ಅವರು ಮುಖ ಪೂರ್ತಿ ಮುಚ್ಚಲಿಲ್ಲ. ಮುಚ್ಚಿದ್ದು ಸ್ವರ. ಮುಖ ನೋಡದೆ ಸ್ವರ ಮಾತ್ರ ನಿಮಗೆ ಗೊತ್ತಿರುವ ಹೆಂಗಸರು ಯಾರಾದ್ರೂ ಇದ್ದಾರಾ?"

ಶ್ರೀಶ ಇಲ್ಲ ಎನ್ನಲು ಬಾಯಿ ತೆರೆದವರು ತಲೆ ಎತ್ತಿ ಮೇಲಿನ ಕೋಣೆಯ ಕಡೆ ನೋಡಿದರು. ಆಮೇಲೆ ಮೆಲ್ಲನೆ ಹೇಳಿದರು, "ಡಿಸ್ಕಿನಲ್ಲಿ ಒಬ್ಬರು ಇದ್ದಾರೆ."

ಆಗಿನ ಚಿತ್ರಗಳಲ್ಲಿ ಶೂಟಿಂಗ್ ಹೊತ್ತಿಗೆ ಗುರುತಿಗೆಂದು ಒಂದು ಧ್ವನಿ ಹಿಡಿಯುತ್ತಿದ್ದರು, ಪೈಲಟ್ ಟ್ರ್ಯಾಕ್. ಬಳಿಕ ಮದ್ರಾಸಿನಲ್ಲಿ ಬೇರೆಯವರು ಕೂತು ಡಬ್ ಮಾಡುತ್ತಿದ್ದರು, ಪೈಲಟ್ಟನ್ನು ಎಸೆಯುತ್ತಿದ್ದರು. ಈ ಚಿತ್ರದ್ದು ಹೇಗೋ ಉಳಿದಿತ್ತು. ಜರ್ಮನಿಯವರು ಅದನ್ನು ವಿಶೇಷ ಆಕರ್ಷಣೆಯೆಂದು ಡಿಸ್ಕಿಗೆ ಸೇರಿಸಿದ್ದರು. ಡಬ್ಬಿಂಗ್ ಬರಹ ನೋಡಿ ಸಬ್‌ಟೈಟಲ್ ಬರೆಯುವ ಸೋಮಾರಿಗಳನ್ನು ಕಂಡರೆ ಶ್ರೀಶರಿಗೆ ಆಗದು. ಬಾಯಿಂದ ನಿಜಕ್ಕೂ ಬಂದ ಮಾತನ್ನೇ ಬರೆಯಬೇಕೆಂಬುದು ಅವರ ಹಟ. ಆದರೆ ಒಂದು ದೃಶ್ಯದಲ್ಲಿ ಜನರೇಟರಿನ ಗದ್ದಲದಲ್ಲಿ ಹೆಣ್ಣಿನ ಮಾತು ತಿಳಿಯುತ್ತಿರಲಿಲ್ಲ, ಸುಳ್ಯದ ಕಡೆಯ ಅರೆಭಾಷೆಯಿರಬಹುದು ಅನ್ನಿಸಿತ್ತು. ಅದನ್ನು ತುಂಡು ಮಾಡಿ ಆ ಭಾಷೆ ಬಲ್ಲ ಗೆಳೆಯ ಉಲ್ಲಾಸನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದರು.

"ಯಾವ ದೃಶ್ಯ?"

"ಖಳನಾಯಕ ಅವಳನ್ನು ಗುಡಿಸಲಿಗೆ ಎಳ್ಕೊಂಡು ಹೋಗುದು." ಶ್ರೀಶ ಗಡಿಬಿಡಿಯಿಂದ ಸೇರಿಸಿದರು, "ಚಿತ್ರ ಕಳಿಸ್ಲಿಲ್ಲ ಮೇಡಂ. ಒಂದು ಹೆಣ್ಣಿನ ಮರ್ಯಾದೆ ಅಲ್ವಾ. ಬರೇ ಸೌಂಡ್ ಕಳಿಸಿದ್ದು."

ಮರ್ಯಾದೆ ಕಾಪಾಡಿದೆ ಎಂದು ಅವರು ನಿಜವಾಗಿ ನಂಬಿದ್ದರು. ಬಣ್ಣ ಬಳಿದ, ಟೋಪನ್ ಹಾಕಿದ ಮೂವತ್ತಾರು ವರ್ಷ ಹಿಂದಿನ ಮುಖವನ್ನು ಯಾರೂ ಗುರುತಿಸುತ್ತಿರಲಿಲ್ಲ. ಸ್ವರಕ್ಕೆ ಬಣ್ಣ ಬಳಿಯಲು ಬರುವುದಿಲ್ಲ.

ಮಂಗಳವಾರ ದೇರಣ್ಣ ಬೆಳ್ಳಾರೆಗೆ ಹೋಗಿ ಮೊಬೈಲ್ ಅಂಗಡಿಯ ಉಲ್ಲಾಸನನ್ನು ವಿಚಾರಿಸಿದರು. ಅವನಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

"ಹೋದ ವಾರ ಸುಬ್ರಹ್ಮಣ್ಯದಲ್ಲಿ ನಮ್ಮ ಅಚ್ಚುತ ಮಾವನ ಮಗಳು ಭವಿತಂದು ನಿಶ್ಚಿತಾರ್ಥ ಇತ್ತು. ಅಲ್ಲಿ ಎಲ್ಲರೂ ಅರೆಭಾಷೆಯವರೇ ಅಲ್ವಾ, ಯಾರಿಗಾದ್ರೂ ಗೊತ್ತಾಗ್ತದಾ ಅಂತ ಊಟ ಆದ್ಮೇಲೆ ಸ್ಪೀಕರಿಗೆ ಹಾಕಿದೆ."

"ಗೊತ್ತಾಯ್ತಾ?"

"ಎಲ್ಲಿ ಮಾರಾಯ್ರೆ! ಎಲ್ಲರೂ ನಗಾಡಿದ್ರು. ಭವಿತ ಅಂತೂ ಬಿದ್ದು ಬಿದ್ದು ನಗಾಡಿದ್ಳು. ಅವಳ ಅಮ್ಮ ಕಮಲಾವತಿ ಅತ್ತೆ ಮಾತ್ರ ಎದ್ದು ಬಂದು ಡಿಸ್ಕ್ ಯಾರದ್ದು, ಎಲ್ಲಿ ಉಂಟು, ಹೇಗೆ ಇರ್ತದೆ ಅಂತೆಲ್ಲ ಕೇಳಿದ್ರು. ಅತ್ತೆಗೆ ಸಿನಿಮಾ ಅಂದ್ರೆ ಇಷ್ಟ ಅಂತ ಎಣಿಸಿ ಎಲ್ಲ ಹೇಳಿದೆ."

ದೇರಣ್ಣ ಫೋನಿನಲ್ಲಿ ಇಷ್ಟನ್ನೂ ಒಪ್ಪಿಸಿ, "ಮೇಡಂ, ಈ ಕೇಸು ಯಾಕೋ ಬೇಡ ಅನ್ನಿಸ್ತದೆ" ಎಂದರು. ಇರ್ಫಾನಾರಿಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಎಫ್‌ಐಆರ್ ಆಗಿತ್ತು. ಇನ್ನೊಂದು ಹೆದರಿಕೆಯೂ ಇತ್ತು. ಆ ಡಿಸ್ಕ್ ಬೇರೆ ಯಾರದಾದರೂ ಕೈ ಸೇರಿದರೆ, ಆಕೆ ಯಾವುದನ್ನು ಮುಚ್ಚಲು ಹಲ್ಲು ಕೊಟ್ಟರೋ ಅದನ್ನು ಊರೆಲ್ಲ ಕೇಳುತ್ತಿತ್ತು.

ಬುಧವಾರ ಬೆಳಗ್ಗೆ ಸುಬ್ರಹ್ಮಣ್ಯದ ಠಾಣೆಗೆ ತಿಳಿಸಿ, ಮಹಿಳಾ ಕಾನ್‌ಸ್ಟೇಬಲ್ ಜೊತೆಗೆ ಇರ್ಫಾನಾ ಮತ್ತು ದೇರಣ್ಣ ಅಲ್ಲಿ ಅಚ್ಚುತ ನಡೆಸುವ ಲಾಡ್ಜಿಗೆ ಹೋದರು. ಯಾತ್ರಿಕರು ಬಿಸಿನೀರಿಗೆ ಕೂಗುತ್ತಿದ್ದರು. ಕೌಂಟರಿನಲ್ಲಿ ಕೂತ ಹೆಂಗಸಿನ ಬಲಗೆನ್ನೆ ಊದಿತ್ತು.

"ಅಮ್ಮ, ಹಲ್ಲು ಎಲ್ಲಿ ಕೀಳಿಸಿದ್ದು?"

ಕಮಲಾವತಿ ಇರ್ಫಾನಾರ ಸಮವಸ್ತ್ರ ನೋಡಿದರು. ಎದ್ದು ಒಳಗೆ ಹೋಗಿ ಅಕ್ಕಿ ಡ್ರಮ್ಮಿನೊಳಗಿಂದ ಬಟ್ಟೆ ಸುತ್ತಿದ ಬಿಳಿ ಡಿಸ್ಕ್ ತಂದು ಮೇಜಿನ ಮೇಲಿಟ್ಟರು.

"ಸುಡಬೇಕೂಂತ ಇದ್ದೆ. ಇದೇ ಹೌದಾ ಅಲ್ವಾ ಅಂತ ಗೊತ್ತಾಗ್ಲಿಲ್ಲ. ಹಾಕಿ ನೋಡುವ ಮೆಷಿನ್ ಇಲ್ಲ. ಯಾರ ಹತ್ರ ಕೇಳುದು?"

ಇಬ್ಬರು ಪಂಚರ ಸಮಕ್ಷಮ ಡಿಸ್ಕ್ ವಶಪಡಿಸಿಕೊಂಡು ಸೀಲ್ ಮಾಡಿದರು. ಬಂಧನವನ್ನು ಮನೆಯವರಿಗೆ ತಿಳಿಸಲೇಬೇಕು. ಸದ್ದು ಕೇಳಿ ಗಂಡ ಅಚ್ಚುತ ಇಳಿದು ಬಂದರು, ಹಿಂದೆ ಮಗಳು ಭವಿತಾ. ಮದುವೆಗೆ ಒಂದು ತಿಂಗಳಿತ್ತು.

"ಎಂತ ಕದ್ದದ್ದು ಇವಳು?" ಅಚ್ಚುತ ಕೇಳಿದರು.

ಇರ್ಫಾನಾ ಉತ್ತರಿಸುವ ಮೊದಲೇ ಕಮಲಾವತಿ ಹೇಳಿದರು, "ಬಂದು ಹೇಳ್ತೇನೆ. ನಾನೇ ಹೇಳ್ತೇನೆ."

ಜೀಪು ಕಡಬ ದಾಟಿದ ಮೇಲೆ ಆಕೆ ಬಾಯಿ ಬಿಟ್ಟರು. "ಇದು ಒಂದೇ ಅಲ್ವಾ ಮೇಡಂ ಇರುದು?"

ಸುಳ್ಳು ಹೇಳಬಹುದಿತ್ತು. ಇರ್ಫಾನಾ ಹೇಳಲಿಲ್ಲ. "ಅಲ್ಲಮ್ಮ. ಅಸಲು ಜರ್ಮನಿಯಲ್ಲಿ ಉಂಟು. ಶುಕ್ರವಾರ ಡಾಕ್ಟ್ರು ಒಪ್ಪಿಗೆ ಕಳಿಸಿದ್ರೆ ಸಾವಿರ ಡಿಸ್ಕ್ ಮಾಡ್ತಾರೆ."

ಸೂಜಿಗೆ ಅಳದ ಹೆಂಗಸು ಪುತ್ತೂರು ಮುಟ್ಟುವವರೆಗೂ ಅತ್ತರು. ದೇರಣ್ಣ ರಸ್ತೆಯ ಕಡೆಗೇ ಮುಖ ಮಾಡಿ ಕೂತಿದ್ದರು.

ಠಾಣೆಯಲ್ಲಿ ಕೊಟ್ಟ ಹೇಳಿಕೆ ಉದ್ದವಿರಲಿಲ್ಲ. ಆಗ ಇಪ್ಪತ್ತೆರಡು ವರ್ಷ, ನಾಟಕದಲ್ಲಿ ಪಾತ್ರ ಮಾಡುತ್ತಿದ್ದರು. ಎಳೆದಾಟದ ದೃಶ್ಯ ಎಂದಷ್ಟೇ ಹೇಳಿ ಗುಡಿಸಲೊಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ನಟನ ಕೈ ನಟಿಸುತ್ತಿರಲಿಲ್ಲ. "ನಂಗೆ ಬೊತ್ತು, ಬೊತ್ತು" ಎಂದು ಕೂಗಿದರು, ಬೇಡ, ಬೇಡ ಎಂದು. ಒಳಗಿದ್ದ ಕ್ಯಾಮೆರಾ ನಿಲ್ಲಲಿಲ್ಲ. ಟಾಕೀಸಿನಲ್ಲಿ ಆ ಜಾಗಕ್ಕೆ ಬೇರೆ ಯಾರದ್ದೋ ಕಿರುಚಾಟ ಹಾಕಿದ್ದರು, ಜನ ಶಿಳ್ಳೆ ಹೊಡೆದರು. ತನ್ನ ಸ್ವರವನ್ನು ಎಸೆದಿದ್ದಾರೆ ಎಂಬುದೊಂದೇ ಅವರಿಗೆ ಇಷ್ಟು ವರ್ಷ ಇದ್ದ ನೆಮ್ಮದಿ. ಮಗಳ ನಿಶ್ಚಿತಾರ್ಥದ ದಿನ ಅದು ಚಪ್ಪರದಡಿ ಕೇಳಿಸಿತು.

ಡಿಸ್ಕ್ ಗುರುತಿಸಲು ಶ್ರೀಶರನ್ನು ಕರೆಸಿದರು. ಡಿಸ್ಕ್ ಸಿಕ್ಕಿತೆಂದು ಓಡಿಬಂದ ಡಾಕ್ಟರು ಬೆಂಚಿನಲ್ಲಿ ಕೂತ ಆಕೆಯನ್ನು ಗಮನಿಸಲಿಲ್ಲ.

"ಡಾಕ್ಟ್ರೆ," ಎಂದರು ಕಮಲಾವತಿ.

ಅಷ್ಟು ಸಾಕಾಯಿತು. ಸ್ವರ ಗುರುತಿಸಿದ ಶ್ರೀಶ ಗಕ್ಕನೆ ತಿರುಗಿದರು.

"ನೀವು ಅದನ್ನು ಎಷ್ಟು ಸಲ ಕೇಳಿದ್ರಿ?"

"ನೂರು ಸಲ... ಇನ್ನೂ ಹೆಚ್ಚಿರಬಹುದು."

"ಅದು ನಟನೆ ಅಲ್ಲ ಅಂತ ಒಂದು ಸಲವೂ ನಿಮಗೆ ಗೊತ್ತಾಗ್ಲಿಲ್ವಾ?"

ಶ್ರೀಶ ಮೊಬೈಲ್ ತೆಗೆದುಕೊಂಡು ಹೊರಗೆ ನಡೆದರು. ಠಾಣೆಯ ಮೆಟ್ಟಿಲಲ್ಲೇ ಕೂತು ಜರ್ಮನಿಗೆ ಬರೆದರು: ಆ ಟ್ರ್ಯಾಕಿನಲ್ಲಿರುವುದು ನಟನೆಯಲ್ಲ, ಆಕೆಯ ಒಪ್ಪಿಗೆ ಇಲ್ಲ, ತೆಗೆಯಿರಿ, ಇಲ್ಲವಾದರೆ ನನ್ನ ಹೆಸರನ್ನೂ ಕೆಲಸವನ್ನೂ ತೆಗೆಯಿರಿ. ಅಚ್ಚು ನಿಲ್ಲಿಸಿದ್ದೇವೆ, ಕಾನೂನಿನವರನ್ನು ಕೇಳುತ್ತೇವೆ ಎಂದು ಗಂಟೆಯೊಳಗೆ ಉತ್ತರ ಬಂತು. ತೆಗೆಯುತ್ತೇವೆ ಎಂದು ಅದರಲ್ಲಿ ಇರಲಿಲ್ಲ.

ಇರ್ಫಾನಾ ಅದನ್ನು ಕಮಲಾವತಿಗೆ ಓದಿ ಹೇಳಿದರು. ಉಳಿದದ್ದನ್ನೂ ಹೇಳಬೇಕಿತ್ತು. "ಅಮ್ಮ, ವಶಪಡಿಸಿದ ಡಿಸ್ಕನ್ನು ಕೋರ್ಟಿನಲ್ಲಿ ಹಾಕಿ ಕೇಳುವ ಸಂದರ್ಭ ಬರಬಹುದು. ಅದನ್ನು ತಪ್ಪಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಬಾಗಿಲು ಮುಚ್ಚಿ ಕೇಳಿ ಅಂತ ಅರ್ಜಿ ಕೊಡಬಹುದು."

ಕಮಲಾವತಿ ಊದಿದ ಕೆನ್ನೆಯಿಂದ ಕೈ ತೆಗೆದರು.

"ಮುಚ್ಚುದು ಬೇಡ ಮೇಡಂ," ಎಂದರು. "ಅವತ್ತೂ ಬಾಗಿಲು ಮುಚ್ಚಿಯೇ ಇತ್ತು. ಕೇಳ್ಲಿ. ಅಲ್ಲಿಯಾದ್ರೆ ಈ ಹೆಂಗಸು ಯಾಕೆ ಕೂಗಿದ್ದು ಅಂತ ಕೇಳುವವರು ಒಬ್ಬರಾದ್ರೂ ಇರ್ತಾರಲ್ಲ."

ಕತ್ತಲಾಗುವ ಮೊದಲು ಆಕೆಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು.