ಅರಳಿಕಟ್ಟೆಗೆ ಸುರಿದ ಆಯಿಲ್

ಭಾನುವಾರ ಬೆಳಿಗ್ಗೆ ಏಳಕ್ಕೆ ಠಾಣೆಗೆ ಬಂದ ಬೈರಮ್ಮನ ಸೀರೆಯ ಅಂಚು ಕಪ್ಪಾಗಿತ್ತು. ಇನ್ಸ್‌ಪೆಕ್ಟರ್ ಶಶಿಕಾಂತ್ ಕೂರಲು ಹೇಳಿದರೆ, ಕುರ್ಚಿ ಕೊಳೆಯಾಗುತ್ತದೆಂದು ನಿಂತೇ ಇದ್ದರು.

"ನಮ್ಮೂರ ಅರಳಿಕಟ್ಟೆಗೆ ಯಾರೋ ಗಾಡಿಗಳ ಸುಟ್ಟ ಆಯಿಲ್ ಸುರಿದವ್ರೆ ಸಾರ್. ಹತ್ತು ಗಂಟೆಗೆ ಅಲ್ಲಿ ಸಭೆ ಇಟ್ಕೊಂಡಿದ್ವಿ."

"ಏನು ಸಭೆ?"

"ಮುಖಂಡ ಗುರುಬಸಪ್ಪನವರ ರ‍್ಯಾಲಿಗೆ ಮನೆಗಿಬ್ಬರು ಬರಬೇಕಂತೆ. ಇಲ್ದಿದ್ರೆ ಬೀದಿಗೆ ಟ್ಯಾಂಕರ್ ನೀರು ಬರಲ್ವಂತೆ. ಹೋಗೋದು ಬೇಡ ಅಂತ ಎಲ್ಲರೂ ಕೂತು ಮಾತಾಡೋಣ ಅಂತಿದ್ವಿ."

"ಅವರು ನಿಮ್ಮನ್ನ ಹೆದರಿಸಿದ್ರಾ?"

"ನನ್ನನ್ನಾ? ಇಲ್ಲಪ್ಪ."

ಎಫ್‌ಐಆರ್ ದಾಖಲಾಯಿತು. ಬಿಳೇಕಹಳ್ಳಿ ದಾಟಿ ಹುಳಿಮಾವಿನ ಕಡೆ ಹೋದರೆ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ದೊಡ್ಡಿಪಾಳ್ಯ. ಹೊಲಗದ್ದೆಗಳು ಸೈಟುಗಳಾಗಿ ಎಷ್ಟೋ ಕಾಲವಾಯಿತು. ಊರವರು ಒಟ್ಟಿಗೆ ಕೂರಲು ಉಳಿದಿದ್ದು ಆ ಕಟ್ಟೆಯೊಂದೇ. ಈಗ ಅದೂ ಜಿಡ್ಡು.

ಕಟ್ಟೆಯ ಬಳಿ ನಿಂತು ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕೈಲಾಸ್ ಪೆನ್ನು ನಿಲ್ಲಿಸಿದ.

"ನಾಗರಕಲ್ಲು ನೋಡಿ ಸಾರ್. ಸುತ್ತ ಒಂದು ಗೇಣು ಜಾಗ ಬಿಟ್ಟು ಸುರಿದವ್ನೆ. ಅರಿಶಿನ ಕುಂಕುಮ ಹಂಗೇ ಐತೆ."

ಮೆಟ್ಟಿಲ ಮೇಲಿನ ಗುರುತುಗಳು ಬರಿಗಾಲಿನವು. ಕಟ್ಟೆ ಕೆಡಿಸಲು ಬಂದವನು ಚಪ್ಪಲಿ ಬಿಟ್ಟು ಹತ್ತಿದ್ದ.

"ಹೊರಗಿನೋರಲ್ಲ. ಊರಲ್ಲಿ ಗ್ಯಾರೇಜ್ ಯಾರದು?" ಶಶಿಕಾಂತ್ ಕೇಳಿದರು.

"ಚಿನ್ನಪ್ಪಂದು. ಆದ್ರೆ ಮನೆಮನೆಗೆ ಹೋಗಿ ಸಭೆಗೆ ಕರೆದೋನೇ ಅವನು ಸಾರ್."

"ಬೇಲಿಯೇ ಎದ್ದು ಹೊಲ ಮೇಯ್ದಿದ್ದನ್ನ ನಾವು ನೋಡಿಲ್ವಾ? ನಡಿ."

ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿದ್ದ ಚಿನ್ನಪ್ಪ ಎದ್ದು ನಿಂತ.

"ಸುಟ್ಟ ಆಯಿಲ್ ಏನು ಮಾಡ್ತೀರಿ?"

"ಡಬ್ಬಕ್ಕೆ ತುಂಬ್ತೀವಿ ಸಾರ್. ತಿಂಗಳ ಕೊನೇಲಿ ಗಾಡಿಯೋನು ಬಂದು ತಗೊಂಡೋಗ್ತಾನೆ."

ತಿಂಗಳು ಇನ್ನೂ ಅರ್ಧ ಕಳೆದಿರಲಿಲ್ಲ. ಡಬ್ಬ ಖಾಲಿಯಿತ್ತು.

"ಚಪ್ಪಲಿ ಬಿಡಿ."

ಗ್ಯಾರೇಜಿನವನ ಚಪ್ಪಲಿಯ ತಳಕ್ಕೆ ಆಯಿಲ್ ಹತ್ತುವುದು ಸಹಜ. ಆದರೆ ಚಿನ್ನಪ್ಪನ ಚಪ್ಪಲಿಯಲ್ಲಿ ಮೇಲ್ಗಡೆ, ಪಾದ ಊರುವ ಕಡೆಯೇ ಹಿಮ್ಮಡಿ, ಐದು ಬೆರಳು ಕಪ್ಪಗೆ ಮೂಡಿದ್ದವು.

"ನಾಗಪ್ಪ ಇರೋ ಜಾಗ ಸಾರ್," ಎಂದ ಅವನು, ನೆಲ ನೋಡುತ್ತ. "ಚಪ್ಪಲಿ ಹಾಕ್ಕೊಂಡು ಹೆಂಗೆ ಹತ್ತಲಿ?"

ಶಶಿಕಾಂತ್‌ಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಯಾಕ್ರೀ ಮಾಡಿದ್ರಿ? ಗುರುಬಸಪ್ಪ ಹೊಡೆದ್ನಾ?"

"ಹೊಡೀಲಿಲ್ಲ, ಬೈಲಿಲ್ಲ. ಮನೆಗೆ ಬಂದು ಕಾಫಿ ಕುಡಿದ್ರು. ಮೊಮ್ಮಗಳು ಸ್ಕೂಲಿಗೆ ವ್ಯಾನಲ್ಲಿ ಹೋಗ್ತಾಳಾ, ನಡ್ಕೊಂಡಾ ಅಂತ ಕೇಳಿದ್ರು. ಲೋಟ ಕೆಳಗಿಟ್ಟು, ಭಾನುವಾರ ಕಟ್ಟೆ ಮೇಲೆ ಯಾರೂ ಕೂರದೆ ಇದ್ರೆ ಒಳ್ಳೇದು ಅಂದ್ರು."

"ಇದನ್ನ ಹೇಳಿಕೆಯಲ್ಲಿ ಬರೆಸ್ತೀರಾ?"

ಚಿನ್ನಪ್ಪ ಇಲ್ಲವೆಂದು ತಲೆಯಾಡಿಸಿದ. "ನನ್ನ ಕರ್ಕೊಂಡೋಗಿ ಸಾರ್, ಸಾಕು. ಆ ಕಟ್ಟೆ ಮುಂದೆ ಮಾತ್ರ ಬೇಡ."

ಬಂಧಿಸಿ ಜೀಪು ಹತ್ತಿಸಿದರು. ಊರಿಗಿದ್ದುದು ಒಂದೇ ದಾರಿ. ಕೂರಲಾಗದ ಜನ ಕಟ್ಟೆಯ ಸುತ್ತ ರಸ್ತೆಯಲ್ಲೇ ನಿಂತು ಸಭೆ ಶುರು ಮಾಡಿದ್ದರು. ಜೀಪು ನಿಲ್ಲಲೇಬೇಕಾಯಿತು. ಚಿನ್ನಪ್ಪ ಮುಖಕ್ಕೆ ಟವೆಲ್ ಮುಚ್ಚಿಕೊಂಡ.

ಬೈರಮ್ಮ ಹತ್ತಿರ ಬಂದರು. "ಟವೆಲ್ ತೆಗಿ ಚಿನ್ನಪ್ಪ. ನೀನು ಕರೆದೆ ಅಂತ ಬಂದಿದ್ದೀವಿ."

ಅವನು ತೆಗೆದ. ತಲೆ ಎತ್ತಲಿಲ್ಲ. "ಗುರುಬಸಪ್ಪ ನಮ್ಮನೆಗೆ ಬಂದಿದ್ರು ಅಕ್ಕ. ಕಾಫಿ ಕುಡಿದು, ಮಗು ವಿಚಾರ ಕೇಳಿ ಹೋದ್ರು."

ಯಾರೂ ಬೈಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಎಲ್ಲರ ಮನೆಗೂ ಹೊಕ್ಕಿದ್ದು ಒಂದೇ ಭಯ. ತಮಗೊಬ್ಬರಿಗೇ ಎಂದುಕೊಂಡು ಪ್ರತಿಯೊಬ್ಬರೂ ಅದನ್ನು ಅಡುಗೆಮನೆಯಲ್ಲೇ ಬಚ್ಚಿಟ್ಟಿದ್ದರು. ಆ ನಾಚಿಕೆಯಲ್ಲಿ ಚಿನ್ನಪ್ಪನಿಗೂ ಉಳಿದವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ನಮ್ಮನೆಗೂ ಬಂದಿದ್ರು," ಎಂದರು ಬೈರಮ್ಮ, ಬಹಳ ಮೆಲ್ಲಗೆ.

ಹಿಂದಿನಿಂದ ಇನ್ನೊಬ್ಬರು ಅದನ್ನೇ ಹೇಳಿದರು. ಆಮೇಲೆ ಮತ್ತೊಬ್ಬರು. ಶಶಿಕಾಂತ್ ಎಂಜಿನ್ ಆಫ್ ಮಾಡಿಸಿ, ಜೀಪಿನಿಂದಿಳಿದು, ಹೇಳಿಕೆ ಬರೆದುಕೊಳ್ಳಲು ಹಾಳೆ ಕೇಳಿದರು.