ಡಾಲಿ ಆಂಟಿಯ ಕುಂಬಳದ ಬಳ್ಳಿ

"ಹೇಯ್! ಯಾರದು? ಹೂ ಕೊಯ್ಯಬೇಡಿ!"

ಬೆನಿಟಾ ಬರಿಗಾಲಲ್ಲೇ ಹಿತ್ತಲಿಗೆ ಓಡಿದಳು. ಕುಂಬಳದ ಬಳ್ಳಿಯ ನಡುವೆ ಕುಳಿತಿದ್ದ ಅಪರಿಚಿತ ಯುವಕ ಬೆಚ್ಚಿ ತಲೆಯೆತ್ತಿದ. ಅವನ ಕೈಯಲ್ಲಿ ಆಗಷ್ಟೇ ಕಿತ್ತ ಹಳದಿ ಹೂವಿತ್ತು!

ಬೆನಿಟಾ ನರ್ಸ್. ನಾಲ್ಕು ವರ್ಷ ಬೆಳಗಿನ ಡ್ಯೂಟಿ ಮಾಡಿ, ಈ ಏಪ್ರಿಲ್‌ನಲ್ಲಷ್ಟೇ ಅವಳಿಗೆ ಮಧ್ಯಾಹ್ನದ ಪಾಳಿ ಸಿಕ್ಕಿತ್ತು. ಮಣ್ಣಗುಡ್ಡದ ತನ್ನದೇ ಮನೆಯ ಹಿತ್ತಲಲ್ಲಿ ಬೆಳಿಗ್ಗೆ ಆರೂವರೆಗೆ ಏನು ನಡೆಯುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಕದಿಯುವುದಲ್ಲ... ಇದು ಗಂಡು ಹೂ. ಅದು ಹೆಣ್ಣು. ಕೆಳಗೆ ಪುಟ್ಟ ಕಾಯಿ ಉಂಟಲ್ಲ, ನೋಡಿ."

ಅವನು ಎಸಳುಗಳನ್ನು ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲನೆ ತಾಗಿಸಿದ.

"ಈ ಸಲ ಜೇನುನೊಣ ಕಡಿಮೆ. ಹಾಗೇ ಬಿಟ್ಟರೆ ಕಾಯಿ ಉದುರಿ ಹೋಗ್ತದೆ."

ಅಡುಗೆಮನೆಯಿಂದ ಅಮ್ಮ ಡಾಲಿ ಕೂಗಿದರು. "ಅವನು ನಮ್ಮ ಜೋಯೆಲ್ ಮಾರಾಯ್ತಿ! ಹಿಂದಿನ ಮನೆಗೆ ಬಾಡಿಗೆಗೆ ಬಂದವನು. ಬಲ್ಮಠದ ಕಾಲೇಜಿನಲ್ಲಿ ಬಾಟನಿ ಕಲಿಸ್ತಾನೆ. ನಾನೇ ಬರ್ಲಿಕ್ಕೆ ಹೇಳಿದ್ದು!"

ಬೆನಿಟಾಳ ಮುಖ ಕೆಂಪಾಯಿತು. ಆದರೂ ಬಗ್ಗಿ ನೋಡಿದಳು. ಹೌದು... ಹೂವಿನ ಬುಡದಲ್ಲಿ ನೆಲ್ಲಿಕಾಯಿಯಷ್ಟೇ ದೊಡ್ಡ ಕುಂಬಳ!

ಮರುದಿನ ಅಲಾರಂ ಇಲ್ಲದೆಯೇ ಅವಳಿಗೆ ಎಚ್ಚರವಾಯಿತು.

ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಬಸಳೆಯ ದಂಟು ಮುರಿದು ನೆಟ್ಟರೆ ಬೇರು ಎಲ್ಲಿಂದ ಬರುತ್ತದೆ? ಹುಳಿಹುಳಿ ಬಿಂಬುಳಿಕಾಯಿ ಮರದ ಕಾಂಡದಲ್ಲೇ ಯಾಕೆ ಗೊಂಚಲು ಬಿಡುತ್ತದೆ? ಜೋಯೆಲ್ ಗೊತ್ತಿದ್ದದ್ದನ್ನು ಹೇಳುತ್ತಿದ್ದ, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ನೋಡ್ತೇನೆ" ಎನ್ನುತ್ತಿದ್ದ. ಒಂಬತ್ತಕ್ಕೆ ಮೂವರೂ ಹಲಸಿನ ಮರದ ನೆರಳಲ್ಲಿ ಕುಳಿತು ಗಂಜಿ, ತೆಂಗಿನಕಾಯಿ ಚಟ್ನಿ, ಆಗಷ್ಟೇ ಕೊಯ್ದ ಅಲಸಂಡೆಯ ಪಲ್ಯ ಉಣ್ಣುತ್ತಿದ್ದರು.

'ಇವನು ನಕ್ಕರೆ ನನಗೆ ಯಾಕೆ ಇಷ್ಟು ಖುಷಿ?' ಆ ಪ್ರಶ್ನೆಯನ್ನು ಮಾತ್ರ ಅವಳು ಯಾರಲ್ಲೂ ಕೇಳಲಿಲ್ಲ.

ಹದಿನೈದು ದಿನ ಕಳೆದಿತ್ತು. ಡ್ಯೂಟಿಗೆ ಹೊರಟ ಬೆನಿಟಾ ಗೇಟಿನ ಬಳಿ ಸ್ತಬ್ಧಳಾದಳು. ಜೋಯೆಲ್ ಮತ್ತು ಒಬ್ಬ ಅಪರಿಚಿತ ಟೇಪು ಹಿಡಿದು ಹಿತ್ತಲನ್ನು ಅಳೆಯುತ್ತಿದ್ದರು!

ಫ್ಲ್ಯಾಟ್ ಕಟ್ಟಲು ಜಾಗ ಕೇಳಿಕೊಂಡು ಬಿಲ್ಡರ್‌ನ ಕಡೆಯವರು ಆಗಲೇ ಎರಡು ಸಲ ಬಂದಿದ್ದರು. ಅಂದರೆ ಇವನೂ...?

"ಇದಕ್ಕಾ ನೀವು ಅಮ್ಮನ ವಿಶ್ವಾಸ ಗಳಿಸಿದ್ದು? ಇನ್ನು ಈ ಕಂಪೌಂಡಿಗೆ ಕಾಲಿಡಬೇಡಿ!"

"ಬೆನಿಟಾ, ಒಂದು ನಿಮಿಷ..."

ಅವಳು ನಿಲ್ಲಲಿಲ್ಲ. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು.

ಮರುದಿನ ಜೋಯೆಲ್ ಬರಲಿಲ್ಲ. ಅದರ ಮರುದಿನವೂ... ಕೊನೆಗೆ ಡಾಲಿ ಕೇಳಿಯೇಬಿಟ್ಟರು.

"ಜೋಯೆಲ್ ಎಲ್ಲಿ? ಇವತ್ತು ಪ್ಲಂಬರ್ ಅಝರ್ ಪೈಪ್ ತರ್ತಾನೆ."

"ಎಂತ ಪೈಪ್, ಮಮ್ಮಿ?"

"ಪಾತ್ರೆ ತೊಳೆದ ನೀರು ಗಿಡಕ್ಕೆ ಹೋಗುವ ಹಾಗೆ ಮಾಡ್ಲಿಕ್ಕೆ! ಬಾವಿಯಲ್ಲಿ ನೀರೆಲ್ಲಿ ಉಂಟು? ಆವತ್ತು ಅವನು, ಜೋಯೆಲ್ ಇಬ್ಬರೂ ಅಳತೆ ತೆಗೆದರಲ್ಲ. ನಿನಗೆ ಹೇಳ್ಲಿಕ್ಕೆ ಮರೆತೇ ಹೋಯ್ತು."

ಬೆನಿಟಾ ಹಿಂದಿನ ಮನೆಯತ್ತ ಓಡಿದಳು. ಅಯ್ಯೋ ದೇವರೇ... ಏನು ಮಾಡಿಬಿಟ್ಟೆ!

ಜೋಯೆಲ್ ತನ್ನ ಮನೆಯ ಜಗಲಿಯಲ್ಲಿ ಒಬ್ಬನೇ ಕುಳಿತು ಬ್ರೆಡ್ ತಿನ್ನುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನನ್ನದು ತಪ್ಪಾಯ್ತು, ಜೋಯೆಲ್. ತುಂಬಾ ಕೆಟ್ಟದಾಗಿ ಮಾತಾಡಿದೆ."

"ಬೈದದ್ದಕ್ಕೆ ಬೇಸರ ಇಲ್ಲ." ಅವನ ದನಿ ತಗ್ಗಿತ್ತು. "ಹದಿನೈದು ದಿನ ಎಲೆ, ಹುಳ, ಬೇರು ಎಲ್ಲದರ ಬಗ್ಗೆ ಕೇಳಿದ್ರಿ. ನನ್ನ ಬಗ್ಗೆ ಸಂಶಯ ಬಂದಾಗ ಮಾತ್ರ ಒಂದು ಪ್ರಶ್ನೆಯೂ ಕೇಳ್ಲಿಲ್ಲ..."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಈಗ ಕೇಳ್ಬಹುದಾ?"

"ಕೇಳಿ."

"ಹೂವಿನ ಕೆಲಸ ಹತ್ತು ನಿಮಿಷದ್ದು. ನೀವು ಒಂಬತ್ತರವರೆಗೆ ಯಾಕೆ ಇರ್ತಿದ್ರಿ?"

ಜೋಯೆಲ್‌ನ ಕಿವಿಗಳು ಕೆಂಪಾದವು. "ಮೊದಲು ಹತ್ತೇ ನಿಮಿಷ ಆಗ್ತಿತ್ತು. ನೀವು ಬರ್ಲಿಕ್ಕೆ ಶುರು ಮಾಡಿದ ಮೇಲೆ... ಹೋಗ್ಲಿಕ್ಕೆ ಮನಸ್ಸೇ ಆಗ್ತಿರ್ಲಿಲ್ಲ. ನಿಮ್ಮನ್ನು ಪ್ರೀತಿಸ್ತೇನೆ, ಬೆನಿಟಾ."

"ನಾನು ಬರ್ತಿದ್ದದ್ದೂ ಬಸಳೆ ನೋಡ್ಲಿಕ್ಕೆ ಅಲ್ಲ..." ಅವಳ ಕಣ್ಣೀರಿನ ನಡುವೆಯೇ ನಗು ಉಕ್ಕಿತು.

ಅವನು ಮೆಲ್ಲನೆ ಅವಳ ಬೆರಳುಗಳನ್ನು ಹಿಡಿದುಕೊಂಡ.

"ಆಂಟಿ ಎಂತ ಹೇಳ್ತಾರೋ?"

"ನಾನು ಮಾತಾಡ್ತೇನೆ. ನೀವು ಆ ಬ್ರೆಡ್ ಬಿಟ್ಟು..." ಬೆನಿಟಾ ಅರ್ಧಕ್ಕೇ ನಿಲ್ಲಿಸಿ, ನಾಚಿ, ಮತ್ತೆ ಹೇಳಿದಳು. "ನೀನು ಊಟಕ್ಕೆ ಬಾ, ಜೋಯೆಲ್."

"ಬಂದೆ, ಬೆನಿ."